ಓದಿದ್ದಕ್ಕೆ ಮೂವತ್ತೈದು ವರ್ಷದ ಶಿಕ್ಷೆ: ಒಂದು ಆಪ್ತಸಲಹೆ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ವಾರಿಜ ಎಂದು ಕರೆದಿರುವವರ ಹೆಸರು ವಾರಿಜ ಅಲ್ಲ. ಊರು, ಕೆಲಸ, ಮನೆಯವರ ವಿವರ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಾಯಿಸಿದ್ದೇನೆ. ಬರೆದ ಮೇಲೆ ಅವರಿಗೆ ತೋರಿಸಿದೆ. ಅವರು ಕೆಲವು ಸಾಲು ತೆಗೆಸಿದರು, ಒಂದು ಸಾಲು ಸೇರಿಸಲು ಹೇಳಿದರು. ಇದನ್ನು ಬರೆಯಿರಿ ಎಂದವರೂ ಅವರೇ. "ನನ್ನ ಹಾಗೆ ಇನ್ನೆಷ್ಟು ಜನ ಉಂಟೋ ಮೇಡಂ, ಯಾರೂ ಬಾಯಿ ಬಿಡುದಿಲ್ಲ" ಎಂದರು. ನನ್ನ ಅನುಭವವೂ ಅದೇ. ಚಿಕ್ಕವರಿದ್ದಾಗ ದೊಡ್ಡವರ ಕಾದಂಬರಿ ಕದ್ದು ಓದಿದ್ದನ್ನು ನಗುತ್ತಾ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅದನ್ನು ಎದೆಯೊಳಗೆ ಪಾಪದ ಹಾಗೆ ಇಟ್ಟುಕೊಂಡು ಬದುಕುವವರು ಹೇಳುವುದಿಲ್ಲ. ಅವರು ಬೇರೆ ಏನೋ ಕಾರಣಕ್ಕೆ ನನ್ನ ಹತ್ತಿರ ಬರುತ್ತಾರೆ.

ವಾರಿಜ ಬಂದದ್ದೂ ಹಾಗೆಯೇ. ಮಗಳ ವಿಷಯಕ್ಕೆ.

ಅವರಿಗೆ ನಲವತ್ತೈದು ವರ್ಷ. ಉಡುಪಿ ಪೇಟೆಯಲ್ಲಿ ಮನೆ, ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಗಂಡ ತುಂಬಾ ವರ್ಷ ಗಲ್ಫ್‌ನಲ್ಲಿದ್ದವರು, ಈಗ ಊರಿಗೆ ಬಂದು ಅಂಗಡಿ ಇಟ್ಟಿದ್ದಾರೆ. ಒಬ್ಬಳೇ ಮಗಳು, ಎಂಟನೇ ಕ್ಲಾಸು. "ಅವಳಿಗೆ ನೀವು ಸ್ವಲ್ಪ ಬುದ್ಧಿ ಹೇಳ್ಬೇಕು ಮೇಡಂ, ಫೋನಲ್ಲಿ ಎಂತೆಂತದೋ ಓದ್ತಾಳೆ" ಎಂದು ಶುರು ಮಾಡಿದರು. ಕಥೆ ಓದುವ ಒಂದು ಆ್ಯಪ್. ರಾತ್ರಿ ಹನ್ನೊಂದಕ್ಕೆ ಹೊದಿಕೆಯ ಒಳಗೆ ಬೆಳಕು ಕಂಡಿತಂತೆ. ಇವರು ಹೋಗಿ ಫೋನ್ ಕಿತ್ತುಕೊಂಡು ನೋಡಿದರು, ಎರಡು ಸಾಲು ಓದಿದರು, ಫೋನನ್ನು ನೆಲಕ್ಕೆ ಎಸೆದರು. ಗ್ಲಾಸು ಒಡೆಯಿತು. ಆಮೇಲೆ ಒಂದು ವಾರ ಮಗಳ ಜೊತೆ ಮಾತಿಲ್ಲ. ಊಟ ಬಡಿಸುವುದು, ಟಿಫಿನ್ ಕಟ್ಟುವುದು ಎಲ್ಲ ನಡೆಯುತ್ತಿತ್ತು, ಆದರೆ ಮಾತಿಲ್ಲ.

ಒಂದು ಕಥೆಗೆ ಇಷ್ಟು ಸಿಟ್ಟು ಯಾಕೆ ಎಂದು ನನಗೆ ಅನಿಸಿತು. ಸಿಟ್ಟಿಗಿಂತ ಜಾಸ್ತಿ ಅದರಲ್ಲಿ ಹೆದರಿಕೆ ಇತ್ತು. ಹೇಳುವಾಗ ಕೈ ನಡುಗುತ್ತಿತ್ತು. ನಾನು ಮಗಳ ಬಗ್ಗೆ ಇನ್ನಷ್ಟು ಕೇಳುವ ಬದಲು, "ನೀವು ಅವಳ ವಯಸ್ಸಲ್ಲಿ ಏನು ಓದ್ತಿದ್ರಿ?" ಎಂದು ಕೇಳಿದೆ. ಅವರು ಕಿಟಕಿಯ ಕಡೆ ನೋಡಿದರು. "ನಾನು ಕಾದಂಬರಿ ಓದುದಿಲ್ಲ" ಎಂದರು. ನಾನು ಕೇಳಿದ್ದು ಈಗಿನ ವಿಷಯ ಅಲ್ಲ, ಅವರು ಉತ್ತರ ಕೊಟ್ಟದ್ದು ಈಗಿನ ವಿಷಯಕ್ಕೆ. ಅವತ್ತು ಅಷ್ಟಕ್ಕೇ ಬಿಟ್ಟೆ. ಮುಂದಿನ ಸಲ ಬಂದಾಗ ಅವರೇ ಬಾಯಿ ಬಿಟ್ಟರು.

1990ರ ಆಸುಪಾಸು. ಉಡುಪಿ ಆಗ ಇನ್ನೂ ಪ್ರತ್ಯೇಕ ಜಿಲ್ಲೆ ಆಗಿರಲಿಲ್ಲ, ದಕ್ಷಿಣ ಕನ್ನಡದಲ್ಲೇ ಇತ್ತು. ಹಂಚಿನ ಮನೆ, ಮುಂದೆ ಚಾವಡಿ ಎನ್ನುವ ಪಡಸಾಲೆ, ಮೇಲೆ ಅಟ್ಟ. ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯ ಹೆಂಗಸರು ಮಧ್ಯಾಹ್ನ ಊಟ ಆದ ಮೇಲೆ ಚಾವಡಿಯಲ್ಲಿ ಕೂತು ಬೀಡಿ ಕಟ್ಟುವುದು. ಕರಾವಳಿಯವರಿಗೆ ಈ ಚಿತ್ರ ವಿವರಿಸಬೇಕಾಗಿಲ್ಲ. ತೊಡೆಯ ಮೇಲೆ ತಡ್ಪೆ, ಅಂದರೆ ಮೊರ, ಅದರಲ್ಲಿ ಎಲೆ, ಹೊಗೆಸೊಪ್ಪಿನ ಹುಡಿ, ನೂಲು. ಕೈಗೆ ಬಿಡುವಿಲ್ಲ, ಕಿವಿಗೆ ಬಿಡುವುಂಟು. ಸಂಜೆಯೊಳಗೆ ಇಷ್ಟು ಕಟ್ಟಿ ಮುಗಿಸಬೇಕು, ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕು. ಹೊತ್ತು ಹೋಗಲು ಕಥೆ ಬೇಕು. ಹಾಗಾಗಿ ಶಾಲೆಗೆ ಹೋಗುವ, ನೆಟ್ಟಗೆ ಓದಲು ಬರುವ ಹುಡುಗಿಯನ್ನು ಮಧ್ಯದಲ್ಲಿ ಕೂರಿಸಿ ಗಟ್ಟಿಯಾಗಿ ಓದಿಸುತ್ತಿದ್ದರು. ಮಣಿಪಾಲದಿಂದ ಬರುವ ತರಂಗ ವಾರಪತ್ರಿಕೆಯ ಧಾರಾವಾಹಿ, ಮತ್ತೆ ಚಿಕ್ಕಮ್ಮ ಪೇಟೆಯ ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದ ಕಾದಂಬರಿಗಳು.

ವಾರಿಜ ಚೆನ್ನಾಗಿ ಓದುತ್ತಿದ್ದರು. ಹತ್ತು ವರ್ಷದ ಹುಡುಗಿ, ಗಂಡಸಿನ ಮಾತಿಗೆ ಗಂಡಸಿನ ಸ್ವರ, ಅತ್ತೆಯ ಮಾತಿಗೆ ಅತ್ತೆಯ ಸ್ವರ. ಅಳುವ ಜಾಗ ಬಂದರೆ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. "ನನಗೆ ಆಗ ಎಷ್ಟು ಹೆಮ್ಮೆ ಗೊತ್ತುಂಟಾ" ಎಂದು ಇದನ್ನು ಹೇಳುವಾಗ ಅವರ ಮುಖ ಅರಳಿತು. ಇದನ್ನು ನಾನು ಗುರುತು ಹಾಕಿಟ್ಟುಕೊಂಡೆ.

ಕೆಲವು ಪುಸ್ತಕಗಳಲ್ಲಿ ಆ ರೀತಿಯ ಪುಟಗಳು ಬರುತ್ತಿದ್ದವು. ಗಂಡು ಹೆಣ್ಣಿನ ವಿಷಯ. ಓದುತ್ತಾ ಹೋಗುವಾಗ ಯಾರೋ ಒಬ್ಬರು ಕೆಮ್ಮುತ್ತಿದ್ದರು, ಇನ್ನೊಬ್ಬರು ನಗುತ್ತಿದ್ದರು, ಚಿಕ್ಕಮ್ಮ "ಅದು ಬಿಡು, ಮುಂದೆ ಓದು" ಎನ್ನುತ್ತಿದ್ದರು. ಎರಡು ಪುಟ ಹಾರಿಸಿ ಮುಂದೆ. ಯಾಕೆ ಎಂದು ಯಾರೂ ಹೇಳಲಿಲ್ಲ. ಕೇಳಿದರೆ ಮತ್ತೆ ನಗು. ಕಥೆ ಓದಿ ಹೇಳುವ ಹುಡುಗಿಗೆ ಮಧ್ಯದ ಎರಡು ಪುಟ ಬಿಟ್ಟರೆ ಕಥೆ ಕೈತಪ್ಪಿ ಹೋಗುತ್ತದೆ ಅಲ್ವಾ? ಅವಳು ಪುಟದ ನಂಬರು ನೆನಪಿಟ್ಟುಕೊಂಡು, ರಾತ್ರಿಯೋ ಮರುದಿನವೋ ಅಟ್ಟಕ್ಕೆ ಹೋಗಿ ಓದುತ್ತಿದ್ದಳು. ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಗಾಲದಲ್ಲಿ, ಶಾಲೆಗೆ ರಜೆ ಕೊಟ್ಟರೆ ಇಡೀ ದಿನ ಅಟ್ಟದಲ್ಲೇ. ನಂಬರು ನೆನಪಿಡುವ ಅಗತ್ಯವೂ ಇರಲಿಲ್ಲವಂತೆ. ಬಾಡಿಗೆ ಪುಸ್ತಕ, ನೂರಾರು ಕೈ ದಾಟಿ ಬಂದದ್ದು, ಬಿಚ್ಚಿದರೆ ತಾನಾಗಿಯೇ ಆ ಪುಟಕ್ಕೆ ತೆರೆದುಕೊಳ್ಳುತ್ತಿತ್ತು. ಅಂಚಿನಲ್ಲಿ ಯಾರೋ ಪೆನ್ನಿನಿಂದ ಗೀಚಿದ ಮಾತುಗಳು. ಅವು ಕಾದಂಬರಿಗಿಂತ ಹೊಲಸಾಗಿದ್ದವು ಎಂದರು.

ಓದಿದ್ದರಲ್ಲಿ ಎಷ್ಟು ಅರ್ಥವಾಯಿತು? ಹೆಚ್ಚೇನೂ ಇಲ್ಲ. ಏನೋ ಗುಟ್ಟು ಇದೆ, ದೊಡ್ಡವರಿಗೆಲ್ಲ ಗೊತ್ತಿದೆ, ನನಗೆ ಹೇಳುವುದಿಲ್ಲ. ಇಷ್ಟು ಅರ್ಥವಾಗಿತ್ತು. ಜೊತೆಗೆ ಒಂದು ಹೆದರಿಕೆ. ಅದು ಎಲ್ಲಿಂದ ಬಂತು ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಒಂದು ದಿನ ಅಮ್ಮ ಅಟ್ಟಕ್ಕೆ ತೆಂಗಿನಕಾಯಿ ತೆಗೆಯಲು ಬಂದರು. ಪುಸ್ತಕ ನೋಡಿದರು. ಒಂದು ಪೆಟ್ಟು ಬಿತ್ತು. ಪೆಟ್ಟು ಅವರಿಗೆ ಸರಿಯಾಗಿ ನೆನಪಿಲ್ಲ. ಮಾತು ನೆನಪಿದೆ. "ನಿನ್ನ ಮನಸ್ಸು ಹಾಳಾಗಿದೆ." ಅಮ್ಮ ಆ ಪುಸ್ತಕವನ್ನು ಬಚ್ಚಲಿನ ಒಲೆಗೆ ಹಾಕಿದರು. ಲೈಬ್ರರಿಗೆ ಚಿಕ್ಕಮ್ಮ ದಂಡ ಕಟ್ಟಿದರು. ಮರುದಿನದಿಂದ ಗಟ್ಟಿಯಾಗಿ ಓದುವುದು ನಿಂತಿತು. ಹೆಂಗಸರು ಕೇಳಿದ್ದಕ್ಕೆ "ಅವಳಿಗೆ ಪರೀಕ್ಷೆ ಉಂಟು" ಎಂದು ಅಮ್ಮ ಹೇಳಿದರು. ಆಮೇಲೆ ಆ ವಿಷಯ ಮನೆಯಲ್ಲಿ ಎಂದೂ ಬರಲಿಲ್ಲ. ಮೂವತ್ತೈದು ವರ್ಷ.

ಮಗಳ ಫೋನ್ ಎಸೆದ ರಾತ್ರಿ ವಾರಿಜರ ಬಾಯಿಂದ ಬಂದದ್ದೂ ಇದೇ ಮಾತು. ಅಕ್ಷರ ಬದಲಾಗದೆ. ಅದಕ್ಕೇ ಕೈ ನಡುಗುತ್ತಿತ್ತು.

ಇಂಥ ವಿಷಯ ಕೇಳಿದಾಗ ನಾನು ಮೊದಲು ಮಾಡುವ ಕೆಲಸ ಒಂದಿದೆ. ಪುಸ್ತಕ ಹೇಗೆ ಕೈಗೆ ಬಂತು ಎಂದು ವಿವರವಾಗಿ ಕೇಳುತ್ತೇನೆ. ಯಾರಾದರೂ ದೊಡ್ಡವರು ಬೇಕೆಂದೇ ಕೊಟ್ಟರಾ? ಪಕ್ಕದಲ್ಲಿ ಕೂರಿಸಿ ತೋರಿಸಿದರಾ? ಯಾರಿಗೂ ಹೇಳಬೇಡ ಎಂದರಾ? ಮುಟ್ಟಿದರಾ? ಈ ಪ್ರಶ್ನೆಗಳನ್ನು ಮುಜುಗರಪಟ್ಟು ಬಿಟ್ಟುಬಿಡಬಾರದು, ಯಾಕೆಂದರೆ ಮಕ್ಕಳನ್ನು ದುರುಪಯೋಗ ಮಾಡುವವರು ಇಂಥ ಪುಸ್ತಕ, ಚಿತ್ರ, ವಿಡಿಯೋ ತೋರಿಸಿಯೇ ಶುರು ಮಾಡುವುದುಂಟು. ಹಾಗಾಗಿದ್ದರೆ ಅದು ಓದಿನ ಕಥೆ ಅಲ್ಲವೇ ಅಲ್ಲ, ಮಗುವಿನ ಮೇಲೆ ನಡೆದ ಅಪರಾಧ. 2012ರ ಪೋಕ್ಸೋ ಕಾಯ್ದೆಯಲ್ಲಿ ಲೈಂಗಿಕ ಉದ್ದೇಶದಿಂದ ಮಗುವಿಗೆ ಇಂಥದ್ದನ್ನು ತೋರಿಸುವುದೇ ಲೈಂಗಿಕ ಕಿರುಕುಳ, ಮೂರು ವರ್ಷದ ತನಕ ಜೈಲು ಮತ್ತು ದಂಡ ಇದೆ. ಮುಟ್ಟಿಯೇ ಇರಬೇಕು ಎಂದೇನಿಲ್ಲ. ವಾರಿಜರ ವಿಷಯದಲ್ಲಿ ಹಾಗೇನೂ ಇರಲಿಲ್ಲ. ಬೇರೆ ಬೇರೆ ದಿನ, ಬೇರೆ ಬೇರೆ ರೀತಿ ಕೇಳಿ ಖಾತ್ರಿ ಮಾಡಿಕೊಂಡೆ. ಚಾವಡಿಯ ಹೆಂಗಸರಿಗೆ ಮಗುವನ್ನು ಹಾಳು ಮಾಡುವ ಯೋಚನೆ ಇರಲಿಲ್ಲ. ಹಾರಿಸು ಎಂದರು, ಅಷ್ಟೇ. ಅದಕ್ಕಿಂತ ಮುಂದೆ ಏನು ಹೇಳಬೇಕು ಎಂದು ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ನೋಡಬೇಕಾದ್ದು, ಈ ಪಾಪಪ್ರಜ್ಞೆ ಈಗ ದಿನದ ಬದುಕನ್ನು ಎಷ್ಟು ತಿನ್ನುತ್ತಿದೆ ಎನ್ನುವುದು. ಕೆಲವರಿಗೆ ಇದು ಗೀಳಾಗಿರುತ್ತದೆ. ದಿನಕ್ಕೆ ಹತ್ತಾರು ಸಲ ಅದೇ ಯೋಚನೆ, ತಪ್ಪಾಯ್ತು ಎಂದು ಮತ್ತೆ ಮತ್ತೆ ಹೇಳಿಕೊಳ್ಳುವುದು, ಸ್ನಾನ ಮಾಡುವುದು, ಬೇರೆಯವರ ಹತ್ತಿರ "ನಾನು ಕೆಟ್ಟವಳಲ್ಲ ಅಲ್ವಾ" ಎಂದು ಕೇಳುತ್ತಲೇ ಇರುವುದು. ಹಾಗಿದ್ದರೆ ಮನೋವೈದ್ಯರ ಹತ್ತಿರ ಕಳಿಸಲೇಬೇಕು, ಬರೇ ಮಾತಿನಿಂದ ಅದು ಹೋಗುವುದಿಲ್ಲ, ಅದಕ್ಕೆ ಬೇರೆಯದೇ ಚಿಕಿತ್ಸೆ ಇದೆ, ಮದ್ದೂ ಇದೆ. ವಾರಿಜರದ್ದು ಅಷ್ಟು ದೂರ ಹೋಗಿರಲಿಲ್ಲ. ಆದರೆ ಕೃಷ್ಣ ಮಠಕ್ಕೆ ಹೋಗಿ ಕನಕನ ಕಿಂಡಿಯ ಮುಂದೆ ನಿಂತರೆ, ಗಂಡನಿಗೆ, ಮಗಳಿಗೆ ಬೇಡಿಕೊಳ್ಳುವ ಮೊದಲು ಆ ತಪ್ಪಿಗೆ ಕ್ಷಮೆ ಕೇಳುವುದು ಅಭ್ಯಾಸವಾಗಿಹೋಗಿತ್ತು. ಮೊದಲ ಸಲ ಮುಟ್ಟಾದಾಗ ಅದು ಆ ಪುಸ್ತಕದ ಶಿಕ್ಷೆ ಎಂದೇ ನಂಬಿದ್ದರಂತೆ. ಕೇಳಲು ಯಾರೂ ಇರಲಿಲ್ಲ. ಮತ್ತೆ ಹತ್ತನೇ ಕ್ಲಾಸು ಮುಗಿದ ಮೇಲೆ ಒಂದೇ ಒಂದು ಕಾದಂಬರಿ ಮುಟ್ಟಿಲ್ಲ.

ನನಗೆ ಎಲ್ಲಕ್ಕಿಂತ ಬೇಸರ ತಂದದ್ದು ಇದು. ಅಷ್ಟು ಚೆನ್ನಾಗಿ ಓದುತ್ತಿದ್ದ ಹುಡುಗಿ, ಒಂದು ಚಾವಡಿ ತುಂಬಾ ಹೆಂಗಸರನ್ನು ಅಳಿಸಿ ನಗಿಸುತ್ತಿದ್ದವಳು, ಓದುವುದನ್ನೇ ಬಿಟ್ಟುಬಿಟ್ಟಳು. ಅದನ್ನು ನಾನು ಅವರಿಗೆ ಹೇಳಿದೆ. ಅವರು ತುಂಬಾ ಹೊತ್ತು ಅತ್ತರು. ಪಾಪಕ್ಕೆ ಅಳುವುದು ಅವರಿಗೆ ಗೊತ್ತಿತ್ತು, ಕಳಕೊಂಡದ್ದಕ್ಕೆ ಅತ್ತದ್ದು ಅದೇ ಮೊದಲು.

ಈಗ ಸಲಹೆಯ ವಿಷಯ. ಇಂಥವರಿಗೆ ಸುಲಭವಾಗಿ ಕೊಡುವ ಸಮಾಧಾನ ಒಂದುಂಟು. "ಅಯ್ಯೋ ಅದೆಂತ ದೊಡ್ಡ ವಿಷಯ, ಆಗಿನ ಕಾಲದಲ್ಲಿ ಎಲ್ಲರೂ ಓದಿದ್ದಾರೆ ಬಿಡಿ." ನಾನು ಇದನ್ನು ಹೇಳುವುದಿಲ್ಲ. ಹೇಳಿದರೆ ಎದುರಿನವರಿಗೆ ಮತ್ತೆ ಒಂಟಿ ಅನಿಸುತ್ತದೆ, ಎಲ್ಲರೂ ಓದಿದ್ದಾರೆ, ನನಗೆ ಮಾತ್ರ ಯಾಕೆ ಹೀಗೆ ಎಂದು. ಅಲ್ಲದೆ ಅದು ಸತ್ಯವೂ ಅಲ್ಲ. ದೊಡ್ಡವರಿಗಾಗಿ ಬರೆದ ಪುಸ್ತಕ ಹತ್ತು ವರ್ಷದ ಮಗುವಿಗೆ ಅಲ್ಲ, ಆ ವಯಸ್ಸಿಗೆ ಅದು ಭಾರ, ಮತ್ತು ಅದರಿಂದ ಏನೋ ಒಂದು ಒಳಗೆ ಹೋಗಿಯೇ ಹೋಗುತ್ತದೆ. ಏನು ಹೋಯಿತು ಎಂದು ಹುಡುಕಿ ತೆಗೆಯಬೇಕು. ಸುಮ್ನೆ ಏನೂ ಆಗಿಲ್ಲ ಎಂದರೆ ಅದು ಅಲ್ಲೇ ಉಳಿಯುತ್ತದೆ.

ನಾನು ವಾರಿಜರಿಗೆ ಹೇಳಿದ್ದು ಹೀಗೆ. ಹತ್ತು ವರ್ಷದ ಹುಡುಗಿ ಗುಟ್ಟು ತಿಳಿಯಲು ಹೋಗುವುದು ಕೆಟ್ಟ ಮನಸ್ಸಲ್ಲ. ಆ ವಯಸ್ಸಿನ ಕೆಲಸವೇ ಅದು. ಮಗು ಎಲ್ಲಿಂದ ಬಂತು, ಸತ್ತವರು ಎಲ್ಲಿಗೆ ಹೋದರು, ದೊಡ್ಡವರು ಯಾಕೆ ಪಿಸುಗುಟ್ಟುತ್ತಾರೆ, ಎಲ್ಲವೂ ಬೇಕು ಅವರಿಗೆ. ನಿಮ್ಮ ಕೈಗೆ ಪುಸ್ತಕ ಕೊಟ್ಟು ಗಟ್ಟಿಯಾಗಿ ಓದು ಎಂದದ್ದು ದೊಡ್ಡವರು. ಮಧ್ಯದಲ್ಲಿ ಹಾರಿಸು ಎಂದದ್ದೂ ದೊಡ್ಡವರೇ. ಹಾರಿಸಿದ್ದರಲ್ಲಿ ಏನಿದೆ ಎಂದು ಹೋಗಿ ನೋಡಿದ್ದು ಮಾತ್ರ ನೀವು. ಇದರಲ್ಲಿ ಕ್ಷಮೆ ಕೇಳಬೇಕಾದ ಜಾಗ ಎಲ್ಲಿದೆ, ತೋರಿಸಿ.

ಅವರಿಗೆ ತೋರಿಸಲು ಆಗಲಿಲ್ಲ. ಆದರೂ ಹೆದರಿಕೆ ಹೋಗಲಿಲ್ಲ. ಹಾಗಾಗಿ ನಾವು ಆ ಕಥೆಗಳನ್ನೇ ಕೆದಕಿದೆವು. ಕಥೆಯಲ್ಲಿ ಏನಾಗುತ್ತಿತ್ತು? ಆ ಪುಟಗಳ ನಂತರ ಆ ಹೆಣ್ಣಿಗೆ ಏನಾಯಿತು? ವಾರಿಜರ ನೆನಪು ಇಲ್ಲಿ ತುಂಬಾ ಚುರುಕು. ಒಂದೊಂದೇ ಕಥೆ ಹೇಳುತ್ತಾ ಹೋದರು. ಒಬ್ಬಳು ಬಾವಿಗೆ ಹಾರಿದಳು. ಒಬ್ಬಳಿಗೆ ಹುಚ್ಚು ಹಿಡಿಯಿತು. ಒಬ್ಬಳು ಊರು ಬಿಟ್ಟು ಹೋದವಳು ಕೊನೆಯ ಪುಟದಲ್ಲಿ ಆಸ್ಪತ್ರೆಯಲ್ಲಿ ಸತ್ತಳು. ಗಂಡಸು ಮಾತ್ರ ಪಶ್ಚಾತ್ತಾಪಪಟ್ಟು ಇನ್ನೊಬ್ಬಳನ್ನು ಮದುವೆಯಾದ. ಹೇಳುತ್ತಾ ಹೇಳುತ್ತಾ ಅವರೇ ನಿಲ್ಲಿಸಿದರು. "ಎಲ್ಲರೂ ಸಾಯ್ತಾರೆ ಅಲ್ವಾ ಮೇಡಂ" ಎಂದರು.

ಹೌದು. ಆ ಹುಡುಗಿಯ ಒಳಗೆ ಹೋದದ್ದು ಇದು. ಈ ವಿಷಯ ತಿಳಿದ ಹೆಣ್ಣಿಗೆ ಬಾವಿಯೇ ಗತಿ. ಅಟ್ಟದಲ್ಲಿ ಅವಳ ಹೆದರಿಕೆ ಬಂದದ್ದು ಅಲ್ಲಿಂದ. ಅದರ ಮೇಲೆ ಅಮ್ಮನ ಮಾತು ಬಂದು ಬಿತ್ತು. ನಿನ್ನ ಮನಸ್ಸು ಹಾಳಾಗಿದೆ ಎಂದರೆ, ಅವಳ ಲೆಕ್ಕದಲ್ಲಿ, ನೀನೂ ಆ ಹೆಂಗಸರ ಸಾಲಿಗೆ ಸೇರಿದೆ. ಅಮ್ಮ ಹೇಳಿದ್ದು ಒಂದು ಸಿಟ್ಟಿನ ಮಾತು, ಮಗು ಕೇಳಿದ್ದು ಒಂದು ತೀರ್ಪು.

ಇನ್ನೊಂದೂ ಒಳಗೆ ಹೋಗಿತ್ತು. ಆ ಕಥೆಗಳಲ್ಲಿ ಗಂಡಸು ಬಲವಂತ ಮಾಡುತ್ತಾನೆ, ಹೆಣ್ಣು ಬೇಡ ಎನ್ನುತ್ತಾಳೆ, ಅತ್ತು ಸುಮ್ಮನಾಗುತ್ತಾಳೆ, ಹತ್ತು ಪುಟ ಕಳೆದರೆ ಅವನ ಮೇಲೆ ಪ್ರೀತಿ ಬಂದಿರುತ್ತದೆ. ಎಷ್ಟೋ ಜನಪ್ರಿಯ ಕಥೆಗಳು ಹೀಗೆಯೇ ಇದ್ದವು, ಈಗಲೂ ಇವೆ. ನನ್ನ ಮಟ್ಟಿಗೆ ಆ ಪುಸ್ತಕಗಳ ನಿಜವಾದ ಕೆಡುಕು ಇಲ್ಲಿದೆ. ಮೈ ಕಾಣಿಸಿದ್ದರಲ್ಲಿ ಇಲ್ಲ. ಬೇಡ ಎಂದರೆ ಬೇಡ ಎಂದೇ ಅರ್ಥ ಎಂದು ಹೇಳಿಕೊಡುವವರಿಲ್ಲದ ಮನೆಯಲ್ಲಿ, ಬೇಡ ಎಂದರೂ ನಡೆಯುತ್ತದೆ, ಆಮೇಲೆ ಸರಿಹೋಗುತ್ತದೆ ಎಂದು ಒಂದು ಮಗು ಕಲಿತರೆ ಅದು ಬದುಕಿಡೀ ಉಳಿಯುತ್ತದೆ. ವಾರಿಜ ಮದುವೆಯಲ್ಲಿ ತಮ್ಮ ಬೇಕು ಬೇಡ ಎರಡನ್ನೂ ಎಂದೂ ಗಂಡನಿಗೆ ಹೇಳಿದವರಲ್ಲ. ಬೇಕು ಎಂದರೆ ಹಾಳಾದ ಮನಸ್ಸು. ಬೇಡ ಎನ್ನಲು ಹಕ್ಕಿದೆ ಎಂದೇ ಗೊತ್ತಿಲ್ಲ. ಗಂಡ ಗಲ್ಫ್‌ನಲ್ಲಿದ್ದಾಗ ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು, ಹೇಗೋ ನಡೆಯಿತು. ಈಗ ಅವರು ಮನೆಯಲ್ಲೇ ಇದ್ದಾರೆ. ಒಳ್ಳೆಯ ಮನುಷ್ಯ, ಒರಟರಲ್ಲ. ಆದರೆ ಇಬ್ಬರ ನಡುವೆ ಈ ಬಗ್ಗೆ ಒಂದು ಮಾತೂ ಆದದ್ದಿಲ್ಲ. ಇಲ್ಲಿ ಒಂದೆರಡು ಸಾಲು ಇತ್ತು, ವಾರಿಜ ತೆಗೆಸಿದ್ದಾರೆ.

ಆಮೇಲೆ ನಾನು ಒಂದು ಕೆಲಸ ಕೊಟ್ಟೆ. ಅಂಥದ್ದೇ ಒಂದು ಹಳೆಯ ಕಾದಂಬರಿ ಹುಡುಕಿ ಈಗ ಓದಿ ಎಂದೆ. ನಲವತ್ತೈದು ವರ್ಷದ ಹೆಂಗಸಾಗಿ, ಹಗಲು ಹೊತ್ತು, ಚಾವಡಿಯಲ್ಲಿ ಕೂತು, ಮೊದಲ ಪುಟದಿಂದ ಕೊನೆಯ ಪುಟದ ತನಕ. ಇದು ಎಲ್ಲರಿಗೂ ಕೊಡುವ ಕೆಲಸ ಅಲ್ಲ. ಬಾಲ್ಯದಲ್ಲಿ ಯಾರಾದರೂ ದುರುಪಯೋಗ ಮಾಡಿದ್ದರೆ ಇದನ್ನು ಖಂಡಿತ ಮಾಡಿಸಬಾರದು, ಹಳೆಯ ಗಾಯ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಇದನ್ನು ಓದಿ ಯಾರೂ ತಮ್ಮಷ್ಟಕ್ಕೇ ಪ್ರಯೋಗ ಮಾಡಬೇಡಿ. ವಾರಿಜರ ವಿಷಯದಲ್ಲಿ ಅಂಥದ್ದಿಲ್ಲ ಎಂದು ಖಾತ್ರಿ ಆದ ಮೇಲೆ, ಅವರು ಒಪ್ಪಿದ ಮೇಲೆ ಕೊಟ್ಟದ್ದು.

ಅವರು ಹಳೆಯ ಪುಸ್ತಕ ಮಾರುವಲ್ಲಿ ಹುಡುಕಿ ತಂದರು. ಎರಡು ವಾರ ಕಪಾಟಿನಲ್ಲಿಟ್ಟರು. ಮತ್ತೆ ಓದಿದರು. ಬಂದು ಕೂತವರು ಮೊದಲು ಹೇಳಿದ್ದು, "ಎಂತದೂ ಇಲ್ಲ ಮಾರಾಯ್ರೆ ಅದರಲ್ಲಿ!" ಇಡೀ ಪುಸ್ತಕದಲ್ಲಿ ಅಂಥದ್ದು ಎರಡೂವರೆ ಪುಟ. ಉಳಿದದ್ದೆಲ್ಲ ವರದಕ್ಷಿಣೆ, ಅತ್ತೆ, ಆಸ್ತಿ ಪಾಲು. ಅವರ ನೆನಪಿನಲ್ಲಿ ಆ ಪುಸ್ತಕಗಳು ತುಂಬಾ ಅದೇ ಇತ್ತು. ಹೆದರಿಕೆಯಲ್ಲಿ ಓದಿದ್ದು ನೆನಪಿನಲ್ಲಿ ಹೀಗೆ ಊದಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹೇಳಿದರು. "ಆ ಎರಡು ಪುಟ ಓದಿ ನನಗೆ ನಾಚಿಕೆ ಆಗ್ಲಿಲ್ಲ ಮೇಡಂ, ಸಿಟ್ಟು ಬಂತು. ಅವಳು ಬೇಡ ಹೇಳ್ತಾ ಉಂಟಲ್ಲ. ಕೇಳುದಿಲ್ಲ ಅವನು." ಅವರು ಸೇರಿಸಲು ಹೇಳಿದ ಸಾಲು ಇದೇ.

ಅಮ್ಮನ ಹತ್ತಿರ ಮಾತಾಡಬೇಕಾ ಎಂದು ಕೇಳಿದರು. ಅಮ್ಮನಿಗೆ ಈಗ ಎಪ್ಪತ್ತು ದಾಟಿದೆ, ಊರಿನ ಮನೆಯಲ್ಲಿದ್ದಾರೆ. ನಾನು ಹೇಳಿದೆ, ಲೆಕ್ಕ ಚುಕ್ತಾ ಮಾಡಲು ಹೋಗಬೇಡಿ. ನೀವು ಹಾಗೆ ಹೇಳಿದಿರಿ, ಅದರಿಂದ ನನ್ನ ಬದುಕು ಹೀಗಾಯಿತು ಎಂದು ಹೇಳಿದರೆ ವಯಸ್ಸಾದ ಜೀವ ಏನು ಮಾಡಬೇಕು? ಆದರೆ ಕೇಳಬೇಕು ಅನಿಸಿದರೆ ಆ ಕಾಲದ ಬಗ್ಗೆ ಕೇಳಿ. ಬೀಡಿ ಕಟ್ಟುತ್ತಿದ್ದದ್ದು, ಕಥೆ ಓದಿಸುತ್ತಿದ್ದದ್ದು. ಉತ್ತರ ಏನೇ ಬಂದರೂ ನಿಮಗೆ ನಿಮ್ಮದೇ ತೀರ್ಮಾನ ಇರಲಿ.

ಅವರು ಕೇಳಿದರು. ಅಮ್ಮನಿಗೆ ಆ ಮಾತು ನೆನಪೇ ಇಲ್ಲ. ಪುಸ್ತಕ ಒಲೆಗೆ ಹಾಕಿದ್ದು ಮಾತ್ರ ನೆನಪಿದೆ, ಚಿಕ್ಕಮ್ಮ ದಂಡ ಕಟ್ಟಿದ್ದಕ್ಕೆ ಆಮೇಲೆ ಜಗಳ ಆಯಿತಲ್ಲ, ಅದಕ್ಕೆ. ಅದರಲ್ಲಿ ಏನಿತ್ತು ಅಮ್ಮ ಎಂದರೆ, "ನನಗೆ ಓದ್ಲಿಕ್ಕೆ ಎಲ್ಲಿ ಬರ್ತದೆ? ಮೇಲೆ ಹೆಂಗಸಿನ ಚಿತ್ರ ಇತ್ತು" ಎಂದರಂತೆ. ಅಮ್ಮ ಶಾಲೆಗೆ ಹೋದದ್ದು ಎರಡು ವರ್ಷ. ಆ ಪುಸ್ತಕದ ಒಂದು ಸಾಲನ್ನೂ ಅವರು ಓದಿರಲಿಲ್ಲ. ಮುಖಪುಟ ನೋಡಿ ಹೆದರಿದ್ದರು. ಮನೆಯಲ್ಲಿ ಆಗ ದೊಡ್ಡ ಮಗಳ ಸಂಬಂಧದ ಮಾತು ನಡೆಯುತ್ತಿತ್ತು, ಹೆಣ್ಣುಮಕ್ಕಳ ಮೇಲೆ ಒಂದು ಮಾತು ಬರಬಾರದು ಎನ್ನುವ ಹೆದರಿಕೆ. ಓದಲು ಬಾರದ ಅಮ್ಮ, ಮಗಳು ಓದುವುದನ್ನು ಕೇಳಿ ಎಷ್ಟು ಖುಷಿ ಪಡುತ್ತಿದ್ದರು ಎನ್ನುವುದೂ ಆ ದಿನದ ಮಾತಿನಲ್ಲಿ ಬಂತು. "ನೀನು ಓದುದು ನಿಲ್ಲಿಸಿದ ಮೇಲೆ ಬೀಡಿ ಮುಗಿಯುದೇ ಇಲ್ಲ ಅಂತ ಆಗ್ತಿತ್ತು" ಎಂದರಂತೆ.

ಇನ್ನು ಮಗಳು. ಅವಳು ಬಂದಿದ್ದಳು, ಒಬ್ಬಳೇ ಕೂತು ಮಾತಾಡಿದಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದ್ದು. ಅಮ್ಮನಿಗೆ ಕೊಟ್ಟ ಸಲಹೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಇದನ್ನು ಎಷ್ಟೋ ತಂದೆತಾಯಿ ಕೇಳುತ್ತಾರೆ.

ಮೊದಲು, ಆ ಮಾತನ್ನು ವಾಪಸ್ ತೆಗೆದುಕೊಳ್ಳಿ ಎಂದೆ. ಬಾಯಿಬಿಟ್ಟು. ನಿನ್ನ ಮನಸ್ಸು ಹಾಳಾಗಿದೆ ಎಂದದ್ದು ತಪ್ಪು, ನಾನು ಹೆದರಿ ಹೇಳಿದ್ದು ಎಂದು ಮಗಳಿಗೆ ಹೇಳಿ. ಮುದ್ದು ಮಾಡಿದರೆ, ಇಷ್ಟದ ತಿಂಡಿ ಮಾಡಿಕೊಟ್ಟರೆ ಅವಳಿಗೇ ಗೊತ್ತಾಗುತ್ತದೆ ಎಂದು ಬಿಡಬೇಡಿ. ಗೊತ್ತಾಗುವುದಿಲ್ಲ. ನಿಮಗೆ ಗೊತ್ತಾಯಿತಾ? ಮೂವತ್ತೈದು ವರ್ಷ ಗೊತ್ತಾಗಲಿಲ್ಲ.

ಎರಡನೆಯದು, ಆ ಕಥೆಯನ್ನು ಅವಳ ಜೊತೆ ಕೂತು ಓದಿ. ಅವಳು ಒಪ್ಪಿದರೆ ಮಾತ್ರ. ಪರೀಕ್ಷೆ ಮಾಡುವವರ ಹಾಗೆ ಅಲ್ಲ, ಕಥೆ ಕೇಳುವವರ ಹಾಗೆ. ವಾರಿಜ ಓದಿ ದಂಗಾದರು. ದೊಡ್ಡ ಕಂಪನಿಯ ಮಾಲೀಕ, ಬಡವರ ಹುಡುಗಿ, ಬಲವಂತದ ತಾಳಿ, ಬೈಗುಳ, ಹೊಡೆತ, ಆಮೇಲೆ ಪ್ರೀತಿ. "ಅದೇ ಕಥೆ ಮೇಡಂ, ಹೆಸರು ಮಾತ್ರ ಬೇರೆ." ಆಗ ನಾನು ಹೇಳಿದೆ, ಈಗ ನಿಮಗೆ ಕೇಳಲು ಒಂದು ಪ್ರಶ್ನೆ ಉಂಟು, ಚಾವಡಿಯಲ್ಲಿ ಯಾರೂ ನಿಮ್ಮನ್ನು ಕೇಳದೇ ಇದ್ದದ್ದು. ಅವಳು ಬೇಡ ಅಂದಳಲ್ಲ, ಅವನು ನಿಲ್ಲಿಸಿದನಾ? ನಿಲ್ಲಿಸದವನ ಮೇಲೆ ಪ್ರೀತಿ ಬರುತ್ತದಾ? ಕೇಳಿ ಸುಮ್ಮನಿರಿ, ಭಾಷಣ ಬೇಡ. ಮಕ್ಕಳು ತಾವೇ ಯೋಚನೆ ಮಾಡುತ್ತಾರೆ.

ಫೋನಿನ ಕಟ್ಟುಪಾಡು ಬೇಡ ಎಂದು ನಾನು ಹೇಳಲಿಲ್ಲ. ಹದಿಮೂರು ವರ್ಷದ ಮಗುವಿಗೆ ರಾತ್ರಿ ಫೋನು ಕೋಣೆಯೊಳಗೆ ಬೇಡ, ಹಾಲ್‌ನಲ್ಲಿ ಚಾರ್ಜಿಗೆ ಇಡುವುದು, ಅಪ್ಪ ಅಮ್ಮನ ಫೋನೂ ಅಲ್ಲೇ. ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿದರೆ ಯಾವ ಆ್ಯಪ್ ಹಾಕಿಕೊಳ್ಳಬಹುದು ಎಂದು ನೀವು ಒಪ್ಪಿಗೆ ಕೊಡಬಹುದು, ಆದರೆ ಆ್ಯಪ್‌ನ ಒಳಗಿರುವ ಒಂದೊಂದು ಕಥೆಯನ್ನು ಅದು ಜರಡಿ ಹಿಡಿಯುವುದಿಲ್ಲ. ಅಲ್ಲಿಗೆ ಮಾತೇ ಬೇಕು. ಮತ್ತೆ ಮೈ ಬೆಳೆಯುವುದು, ಮುಟ್ಟು, ಗಂಡು ಹೆಣ್ಣಿನ ಸಂಬಂಧ, ಇದನ್ನೆಲ್ಲ ಮಗಳಿಗೆ ಅಮ್ಮನೇ ನೆಟ್ಟಗೆ ಹೇಳಬೇಕು. ಒಂದೇ ದಿನ ಕೂರಿಸಿ ಪಾಠ ಮಾಡುವುದಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಹೋಗುವಾಗ, ಅವಳು ಏನಾದರೂ ಕೇಳಿದಾಗ, ಕೇಳಿದ್ದಕ್ಕೆ ಮಾತ್ರ, ನಿಜವಾದ ಉತ್ತರ. ಗೊತ್ತಿಲ್ಲದಿದ್ದರೆ ನೋಡಿ ಹೇಳುತ್ತೇನೆ ಎನ್ನಿ. ನಗಬೇಡಿ. ವಾರಿಜರಿಗೆ ಚಾವಡಿಯ ಆ ನಗು ಪೆಟ್ಟಿಗಿಂತ ಜಾಸ್ತಿ ನೋವು ಕೊಟ್ಟಿತ್ತು.

ಇದನ್ನು ಓದುವವರಲ್ಲಿ ಯಾರಿಗಾದರೂ ಇಂಥ ನೆನಪು ನಿದ್ದೆ ಕೆಡಿಸುವಷ್ಟಿದ್ದರೆ, ಅಥವಾ ಪುಸ್ತಕದ ಹಿಂದೆ ಒಬ್ಬ ಮನುಷ್ಯ ಇದ್ದ ಎಂದು ಈಗ ಅರ್ಥವಾಗುತ್ತಿದ್ದರೆ, ಒಬ್ಬರೇ ಹೊತ್ತುಕೊಂಡಿರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಈಗ ಯಾವುದಾದರೂ ಮಗು ಇಂಥ ತೊಂದರೆಯಲ್ಲಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ವಾರಿಜ ಉಡುಪಿಯ ಅಜ್ಜರಕಾಡಿನ ಲೈಬ್ರರಿಗೆ ಸದಸ್ಯರಾಗಿದ್ದಾರೆ. ಮಗಳು ಅಮ್ಮನ ಕಾರ್ಡಿನಲ್ಲೇ ಎರಡು ಪುಸ್ತಕ ತಂದಿದ್ದಾಳೆ, ಅದಕ್ಕೆ ಸಣ್ಣ ಜಗಳವೂ ಆಗಿದೆ. ಊರಿಗೆ ಹೋದಾಗ ಅಮ್ಮನಿಗೆ ಒಂದು ಕಾದಂಬರಿ ಓದಿ ಹೇಳಲು ಶುರು ಮಾಡಿದ್ದಾರೆ, ಮಧ್ಯದಲ್ಲಿ ಏನನ್ನೂ ಹಾರಿಸುತ್ತಿಲ್ಲ ಎಂದರು. ಗಂಡನ ಜೊತೆಗಿನ ಮಾತು ಮಾತ್ರ ಇನ್ನೂ ಶುರುವಾಗಬೇಕು. ಬೇಡ ಎನ್ನುವುದಕ್ಕಿಂತ ಬೇಕು ಎನ್ನುವುದು ಅವರಿಗೆ ಕಷ್ಟವಾಗುತ್ತಿದೆ. ಮುಂದಿನ ಸಲ ಇಬ್ಬರೂ ಬರುತ್ತೇವೆ ಎಂದಿದ್ದಾರೆ. ಅಂಗಡಿಗೆ ರಜೆ ಇರುವುದು ಭಾನುವಾರ ಮಾತ್ರ, ಹಾಗಾಗಿ ಭಾನುವಾರವೇ ಬನ್ನಿ ಎಂದು ಹೇಳಿದ್ದೇನೆ.